ಕರ್ನಾಟಕದ ವನ್ಯಧಾಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಿಗೆ ಮಾತಾಡಲು ಹೋದಾಗ, ಕೆರೆಯಂಚಿನಲ್ಲಿ ದುರ್ಬೀನು ಹಿಡಿದು ನಿಂತಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕುತೂಹಲಕ್ಕೆ ಮಾತಿಗಿಳಿದಾಗ ಎದುರಾದ ಪ್ರಶ್ನೆಗಳಿವು. ಹತ್ತರಲ್ಲಿ ಏಳು ಹುಲಿಯ ಬಗ್ಗೆಯೇ ಇರುತ್ತವೆ. ಹಾಗಾಗಿ ಇಲ್ಲಿ ತೋಳ, ಕರಡಿ, ಚಿಗರಿ (ಕೃಷ್ಣಮೃಗ), ಹೆಜ್ಜಾರ್ಲೆಗಳಿಗೆ (ಪೆಲಿಕನ್ ಹಕ್ಕಿ) ಬೇಕೆಂತಲೇ ತುಸು ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಭಯಾರಣ್ಯ, ವನ್ಯಧಾಮ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ ಎಲ್ಲ ಒಂದೇ ಅಲ್ಲವೇ?

ಅಭಯಾರಣ್ಯ, ವನ್ಯಧಾಮ, ವನ್ಯಜೀವಿ ಧಾಮ ಈ ಮೂರೂ ಒಂದೇ. ಉಳಿದವು ಬೇರೆ ಬೇರೆ. ಎಲ್ಲದಕ್ಕೂ ಬುಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ.

ವನ್ಯಧಾಮ ಘೋಷಿಸುವ ಮುಂಚೆ ಅಲ್ಲಿನ ಜನರಿಗೆ ಏನೇನು ಹಕ್ಕುಗಳಿವೆ ಎಂದು ಕಂದಾಯ ಅಧಿಕಾರಿ ವಿಚಾರಣೆ ಮಾಡುತ್ತಾರೆ. ಕೆಲವು ಹಕ್ಕುಗಳನ್ನು ಹಾಗೆಯೇ ಮುಂದುವರಿಸಲು ಅವಕಾಶವಿದೆ. ದನ ಮೇಯಿಸುವುದಕ್ಕೂ ನಿಯಮದೊಳಗೆ ಜಾಗ ಇರಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಅದೂ ಇಲ್ಲ. ನಮ್ಮಲ್ಲಿ ಅಂಥ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಹುಲಿ ಸಂರಕ್ಷಿತ ಪ್ರದೇಶಗಳೂ ಐದೇ, ಆದರೆ ಪಟ್ಟಿ ಬೇರೆ: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿ ರಂಗನಬೆಟ್ಟ. ಇದು ಉದ್ಯಾನ, ವನ್ಯಧಾಮಗಳ ಮೇಲೆ ಹೊದಿಸಿದ ಇನ್ನೊಂದು ಪದರ ಎಂದುಕೊಳ್ಳಿ. ಒಳಗೆ ಬಿಗಿ ಕಾವಲಿನ ಕೋರ್, ಸುತ್ತ ಅಂಚಿನ ಪಟ್ಟಿಯಾಗಿ ಬಫರ್.

ಇವುಗಳ ಜೊತೆಗೆ 2002ರ ತಿದ್ದುಪಡಿಯಲ್ಲಿ ಇನ್ನೆರಡು ಬಗೆ ಸೇರಿಕೊಂಡವು. ಸರ್ಕಾರಿ ಜಮೀನಿನಲ್ಲಿ, ಸುತ್ತಲಿನ ಜನರನ್ನು ಕೇಳಿ ಮಾಡುವುದು ಸಂರಕ್ಷಣಾ ಮೀಸಲು. ಜನರು ತಮ್ಮದೇ ಜಾಗದಲ್ಲಿ ತಾವಾಗಿ ಒಪ್ಪಿ ಮಾಡುವುದು ಸಮುದಾಯ ಮೀಸಲು. ನನ್ನ ಲೆಕ್ಕದಲ್ಲಿ ಮುಂದಿನ ದಿನಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಎರಡೇ. ದೊಡ್ಡ ಕಾಡುಗಳನ್ನೆಲ್ಲ ಹೆಚ್ಚುಕಮ್ಮಿ ಘೋಷಿಸಿ ಆಗಿದೆ. ಉಳಿದಿರುವುದು ಊರ ನಡುವಿನ ತುಂಡು ಜಾಗಗಳು.

ಬನ್ನೇರುಘಟ್ಟಕ್ಕೆ ಹೋಗಿ ಬಂದೆವು. ಅದೂ ಅಭಯಾರಣ್ಯವೇ?

ನೀವು ಬೋನಿನ ಬಸ್ಸಿನಲ್ಲಿ ಕೂತು ಹುಲಿ, ಸಿಂಹ ನೋಡಿದ್ದು ಜೈವಿಕ ಉದ್ಯಾನ. 2002ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನದಿಂದ ಬೇರ್ಪಡಿಸಿದರು. ರಾಷ್ಟ್ರೀಯ ಉದ್ಯಾನ ಅದರ ಹಿಂದೆ ಹಬ್ಬಿರುವ ಕಾಡು. ಅಲ್ಲಿರುವ ಆನೆಗೆ ಯಾರೂ ಹುಲ್ಲು ಹಾಕುವುದಿಲ್ಲ. ಅಂದಹಾಗೆ, ಸಿಂಹ ಕರ್ನಾಟಕದ ಕಾಡಿನ ಪ್ರಾಣಿಯಲ್ಲ. ಮಕ್ಕಳ ಚಿತ್ರಸ್ಪರ್ಧೆಯಲ್ಲಿ 'ನಮ್ಮ ಕಾಡು' ಎಂದರೆ ಮೊದಲು ಬರುವುದು ಮಾತ್ರ ಅದೇ.

ಒಂದೊಂದು ಪ್ರಾಣಿಗೆ ಒಂದೊಂದು ಧಾಮ ಏಕೆ? ಎಲ್ಲವನ್ನೂ ದೊಡ್ಡ ಕಾಡಿನಲ್ಲಿ ಬಿಟ್ಟರಾಯಿತಲ್ಲ?

ಚಿಗರಿಯನ್ನು ಕುದುರೆಮುಖದಲ್ಲಿ ಬಿಟ್ಟರೆ ಅದು ಮಳೆಗಾಲ ದಾಟಲಾರದು. ಸಿಂಹಬಾಲದ ಕೋತಿ ಸಿಂಗಳೀಕವನ್ನು ರಾಣೆಬೆನ್ನೂರಿನ ಒಣಬಯಲಿಗೆ ತಂದರೆ ಎರಡು ದಿನ ಬಾಳದು. ಪ್ರತಿ ಪ್ರಾಣಿಗೂ ಅದರದೇ ನೆಲವಿದೆ. ಕರ್ನಾಟಕದ ನಕ್ಷೆ ಹರಡಿ ಕೂತರೆ ಇದು ಚೆನ್ನಾಗಿ ಕಾಣುತ್ತದೆ.

ಕರಡಿಗೆ ಬೇಕಾದದ್ದು ಬಂಡೆ, ಗವಿ, ಹುತ್ತ, ಬಾರೆ, ಕವಳಿ ಹಣ್ಣು. ಅದಕ್ಕೇ 1994ರಲ್ಲಿ ದರೋಜಿಯಲ್ಲಿ ಕರಡಿಧಾಮ ಬಂತು. ಹಂಪಿಯ ಬಂಡೆಗಳ ಸಾಲೇ ಮುಂದುವರಿದು ಅಲ್ಲಿಗೆ ತಲುಪುತ್ತದೆ. ನಾಲ್ಕು ಕೊಂಬಿನ ಕೊಂಡುಕುರಿಗೆ ಒಣ ಎಲೆಯುದುರುವ ಕುರುಚಲು ಕಾಡು ಸಾಕು. ಜಗಳೂರಿನ ರಂಗಯ್ಯನದುರ್ಗದಲ್ಲಿ 2011ರಿಂದ ಅದರ ಹೆಸರಿನಲ್ಲೇ ಧಾಮವಿದೆ. ಬಾಗಲಕೋಟೆಯ ಯಡಹಳ್ಳಿಯನ್ನು 2016ರಲ್ಲಿ, ತುಮಕೂರಿನ ಬುಕ್ಕಾಪಟ್ಟಣವನ್ನು 2019ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಗಾಗಿ ಘೋಷಿಸಿದರು. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಕೈಸೇತುವೆಯಂತೆ ಬೆಳೆದ ನಿತ್ಯಹರಿದ್ವರ್ಣ ಕಾಡು ಅದಕ್ಕೆ ಬೇಕು, ನಡುವೆ ಒಂದು ಅಗಲವಾದ ರಸ್ತೆ ಬಂದರೂ ಗುಂಪು ಎರಡಾಗುತ್ತದೆ. ಶರಾವತಿ ಕಣಿವೆಯನ್ನು ಅಘನಾಶಿನಿ ಕಡೆಯ ಕಾಡಿಗೆ ಜೋಡಿಸಿ 2019ರಲ್ಲಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಿದ್ದರ ಹಿಂದಿನ ಲೆಕ್ಕ ಇದೇ.

ನೀರುನಾಯಿಗೆ ಹೊಳೆಯೇ ಬೇಕು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ಅದಕ್ಕೆಂದೇ ಸಂರಕ್ಷಣಾ ಮೀಸಲು ಮಾಡಿದರು. ಅಲ್ಲಿ ಅದರ ವೈರಿ ಸಿಡಿಮದ್ದು ಎಸೆದು ಮೀನು ಹಿಡಿಯುವವರು. ಭೀಮಗಡದ ಕಾಡಿನೊಳಗಿನ ಬಾರಾಪೇಡೆ ಗವಿಗಳಲ್ಲಿ ಜಗತ್ತಿನಲ್ಲೇ ತೀರಾ ಅಪರೂಪದ ಒಂದು ಜಾತಿಯ ಬಾವಲಿಯಿದೆ. ಆ ಕಾಡು 2011ರಲ್ಲಿ ವನ್ಯಧಾಮವಾಯಿತು.

ಊರ ಪಕ್ಕದ ಬಯಲು ಬರೀ ಪಾಳು ಬಿದ್ದಿದೆ. ಅಲ್ಲಿ ಗಿಡ ನೆಟ್ಟರೆ ಪ್ರಾಣಿಗಳಿಗೆ ಒಳ್ಳೆಯದಲ್ಲವೇ?

ಈ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದು, ಅದಕ್ಕೇ ಉತ್ತರ ಹೇಳುವುದು ಕಷ್ಟ. ಬಹಳ ಸಲ, ಒಳ್ಳೆಯದಲ್ಲ.

ಕೃಷ್ಣಮೃಗದ ರಕ್ಷಣೆ ಇರುವುದು ಅದರ ಕಣ್ಣಿನಲ್ಲಿ, ಕಾಲಿನಲ್ಲಿ. ದೂರದಿಂದಲೇ ತೋಳವನ್ನೋ ನಾಯಿಯನ್ನೋ ಕಂಡು ಓಡಬೇಕು. ಸಾಲಾಗಿ ನೀಲಗಿರಿ ನೆಟ್ಟರೆ ಕಣ್ಣಿಗೆ ತಡೆ, ಓಟಕ್ಕೂ ತಡೆ. ಮರದಡಿ ಹುಲ್ಲು ಸೊರಗುತ್ತದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದರು, 119 ಚದರ ಕಿಲೋಮೀಟರ್. ಅದರೊಳಗೇ ನೀಲಗಿರಿ ನೆಡುತೋಪು ದೊಡ್ಡ ಪ್ರಮಾಣದಲ್ಲಿತ್ತು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಹಕ್ಕಿಯೂ ಇತ್ತು. ಸುಮಾರು ಒಂದು ಮೀಟರ್ ಎತ್ತರದ, ತೂಕದ, ನೆಲದ ಮೇಲೆ ಒಂದೇ ಮೊಟ್ಟೆ ಇಡುವ ಹಕ್ಕಿ. ಈಗ ರಾಜ್ಯದಲ್ಲಿ ಅದನ್ನು ಹುಡುಕಬೇಕೆಂದರೆ ಬಳ್ಳಾರಿಯ ಸಿರುಗುಪ್ಪದ ಎರೆಭೂಮಿಗೇ ಹೋಗಬೇಕು, ಅಲ್ಲಿಯೂ ಬೆರಳೆಣಿಕೆ.

ನಮ್ಮ ಹಿರಿಯರು ಬಯಲನ್ನು ಪಾಳು ಎನ್ನುತ್ತಿರಲಿಲ್ಲ. ಕಾವಲು, ಗೋಮಾಳ, ಹುಲ್ಲುಬನ್ನಿ ಎನ್ನುತ್ತಿದ್ದರು. ಕಂದಾಯ ಕಟ್ಟದ ಭೂಮಿಯನ್ನು ದಫ್ತರದವರು ಪಾಳು ಎಂದು ಬರೆದುಕೊಂಡರು, ಆಮೇಲೆ ಅದು ನಮ್ಮ ಬಾಯಿಗೂ ಬಂತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು ಉಳಿದಿದೆ. 2007ರಿಂದ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. ಬೆಳಗ್ಗೆ ಆರೂವರೆಗೆ ಹೋಗಿ ದಿಬ್ಬದ ಮೇಲೆ ಸುಮ್ಮನೆ ಕೂರಿ. ಮೊದಲು ಏನೂ ಕಾಣುವುದಿಲ್ಲ, ಒಣಹುಲ್ಲು ಮಾತ್ರ. ಆಮೇಲೆ ಆ ಹುಲ್ಲಿನದೇ ಒಂದು ತುಂಡು ಎದ್ದು ನಿಂತಂತೆ ಹೆಣ್ಣೊಂದು ತಲೆಯೆತ್ತುತ್ತದೆ. ಅದರ ಹಿಂದೆ ಇನ್ನೊಂದು. ಕಪ್ಪು ಬೆನ್ನಿನ ಗಂಡು ಕೊಂಬನ್ನು ಹಿಂದಕ್ಕೆ ಬೆನ್ನಿಗೆ ತಾಗುವಷ್ಟು ಬಾಗಿಸಿ, ಮೂಗು ಮೇಲಕ್ಕೆತ್ತಿ, ಮದುವೆ ಮನೆಯ ಯಜಮಾನನಂತೆ ಅತ್ತಿಂದಿತ್ತ ನಡೆಯುತ್ತದೆ. ಆ ಜಾಗದಲ್ಲಿ ಐದು ಸಾವಿರ ಸಸಿ ನೆಡಬೇಕು ಎಂದು ಯಾರಿಗೂ ಅನಿಸದಿರಲಿ.

ಗಿಡ ನೆಡುವ ಉಮೇದು ಇದ್ದರೆ ಹೊಲದ ಬದು, ರಸ್ತೆ ಬದಿ, ಶಾಲೆಯ ಅಂಗಳ ಬೇಕಾದಷ್ಟಿವೆ.

ತೋಳಕ್ಕೂ ಧಾಮ ಬೇಕೇ? ಅದು ಕುರಿ ತಿನ್ನುವ ಪ್ರಾಣಿಯಲ್ಲವೇ?

ತಿನ್ನುತ್ತದೆ. ಕುರುಬರೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಯಲಿನಲ್ಲಿ ಇಲಿ, ಮೊಲ, ಚಿಗರಿಮರಿಗಳನ್ನು ಹದ್ದುಬಸ್ತಿನಲ್ಲಿಡುವುದೂ ಅದೇ. ಹುಲಿ ಕಾಡಿಗೆ ಹೇಗೋ ತೋಳ ಬಯಲಿಗೆ ಹಾಗೆ.

ಮೇಲುಕೋಟೆಯ ವನ್ಯಧಾಮವನ್ನು 1974ರಲ್ಲಿ ಮಾಡಿದ್ದೇ ತೋಳದ ನೆಲೆ ಎಂದು. ಇತ್ತೀಚಿನ ವರ್ಷಗಳಲ್ಲಿ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರವೂ ತೋಳಧಾಮವಾಗಿದೆ. ಎಂಟುನೂರು ಎಕರೆ ಚಿಲ್ಲರೆ ಕುರುಚಲು ಗುಡ್ಡ, ನಡುವೆ ಗವಿಗಳು. ಗಮನಿಸಿ, ಇದು ಹಾವೇರಿ ಜಿಲ್ಲೆಯ ಬಂಕಾಪುರವಲ್ಲ. ಅಲ್ಲಿ ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವಿದೆ, ಅದರ ಜೊತೆಗೇ ನವಿಲುಧಾಮ. ತೋಳ ನೋಡಲು ಹೊರಟ ನನ್ನ ಗೆಳೆಯರೊಬ್ಬರು ಅಲ್ಲಿಗೆ ಹೋಗಿ ಸಂಜೆಯವರೆಗೆ ನವಿಲು ನೋಡಿ ಬಂದರು. ಬೇಜಾರೇನೂ ಆಗಲಿಲ್ಲವಂತೆ.

ತೋಳಕ್ಕೆ ಈಗ ದೊಡ್ಡ ಅಪಾಯ ಊರನಾಯಿ. ರೋಗ ಹಂಚುತ್ತವೆ, ಬೇಟೆ ಕಸಿಯುತ್ತವೆ, ಜೊತೆಗೂಡಿ ಬೆರಕೆ ಮರಿಯನ್ನೂ ಹುಟ್ಟಿಸುತ್ತವೆ. ಧಾಮದ ಬೇಲಿ ಇದನ್ನು ತಡೆಯಲಾರದು. ಊರ ತಿಪ್ಪೆಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವುದು ನಿಂತರೆ ಅರ್ಧ ಕೆಲಸ ಆದಂತೆ.

ರಣಹದ್ದುಗಳು ಎಲ್ಲಿ ಹೋದವು?

ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದಿನಿಂದ ಹೋದವು. ಮದ್ದು ಪಡೆದ ದನ ಸತ್ತಾಗ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಪಶುಗಳಿಗೆ ಇದನ್ನು ಬಳಸುವುದನ್ನು 2006ರಲ್ಲಿ ನಿಷೇಧಿಸಿದರು. ಅದೇ ಕೆಲಸ ಮಾಡುತ್ತಿದ್ದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ಹೋದಷ್ಟು ಬೇಗ ತಿರುಗಿ ಬರುವುದಿಲ್ಲ.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ಉದ್ದ ಕೊಕ್ಕಿನ ರಣಹದ್ದುಗಳು ಆ ಬಂಡೆಯ ಗೋಡೆಯಲ್ಲಿ ಗೂಡು ಕಟ್ಟುತ್ತವೆ, ಕೆಲವೇ ಕೆಲವು. ಬಂಡೆಯನ್ನು ಕಾಯಬಹುದು; ಅವು ಊಟಕ್ಕೆ ಹಾರುವ ದೂರದ ಊರುಗಳ ಪಶುವೈದ್ಯರ ಸಿರಿಂಜನ್ನು ಧಾಮದವರು ಕಾಯಲಾಗದು. ನಿಮ್ಮ ಎಮ್ಮೆಗೆ ಬಾವು ಬಂದಾಗ 'ಮೆಲಾಕ್ಸಿಕ್ಯಾಮ್ ಇದೆಯಾ ಡಾಕ್ಟ್ರೇ' ಎಂದು ಕೇಳಿ. ಅದು ಹದ್ದಿಗೆ ಹಾನಿ ಮಾಡದ ಮದ್ದು.

ಧಾಮ ಅಂತ ಬೋರ್ಡು ಹಾಕದೆಯೂ ಪ್ರಾಣಿ ಉಳಿಯುತ್ತವೆಯೇ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಅಲ್ಲಿ ಕಾಡಿಲ್ಲ. ಊರ ನಡುವಿನ ಹುಣಸೆಮರ, ಆಲದಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮನೆಯ ಹೆಂಚಿನ ಮೇಲೆ ಹಿಕ್ಕೆ, ಅಂಗಳದಲ್ಲಿ ಅರೆತಿಂದ ಮೀನು, ಬೇಸಿಗೆಯ ಮಧ್ಯಾಹ್ನ ಮೂಗು ಮುಚ್ಚಿಕೊಳ್ಳುವ ವಾಸನೆ. ಮರಿಗಳು ಹೊಟ್ಟೆಗಿಲ್ಲದೆ ಗೊರಗುಟ್ಟುವ ಸದ್ದಿಗೆ ಹೊಸಬರಿಗೆ ನಿದ್ದೆ ಬಾರದು. ಆ ಊರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ಊರ ಹುಡುಗರ ಹೆಜ್ಜಾರ್ಲೆ ಬಳಗ ಮೀನು ತಿನ್ನಿಸಿ ಸಾಕಿ ಬಿಟ್ಟದ್ದುಂಟು.

ಆದರೆ ಆ ಪ್ರೀತಿಯೊಂದೇ ಸಾಲದು ಎಂಬುದಕ್ಕೂ ಸಾಕ್ಷಿ ಅದೇ ಊರು. ಹುಣಸೆಮರದ ಫಸಲು ಬಿಟ್ಟುಕೊಟ್ಟ ಮನೆಯವರಿಗೆ ನಷ್ಟ ತುಂಬಿಕೊಡಬೇಕು. ಹಕ್ಕಿಗಳು ಮೀನು ಹಿಡಿಯುವ ಸುತ್ತಲಿನ ಕೆರೆಗಳು ಕೆಟ್ಟರೆ ಊರವರು ಏನು ಮಾಡಿಯಾರು? 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಉದುರಿ ಸತ್ತವು, ಹೊಟ್ಟೆಯಲ್ಲಿ ಜಂತುಹುಳು. 2007ರಿಂದ ಆ ಊರು ಸಮುದಾಯ ಮೀಸಲು.

ರಂಗನತಿಟ್ಟಿನ ಕಥೆ ಇನ್ನೊಂದು ಬಗೆ. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಆ ತಿಟ್ಟುಗಳು ಉಂಟಾದವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಹೇಳಿದ ಮೇಲೆ 1940ರಲ್ಲಿ ಮೈಸೂರು ಅರಸರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವಾಯಿತು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. 2024ರ ಆರಂಭದಲ್ಲಿ ಇನ್ನು ಮೂರು ಸೇರಿದವು: ಅಘನಾಶಿನಿ ಅಳಿವೆ, ಅಂಕಸಮುದ್ರ, ಮಾಗಡಿ ಕೆರೆ. ಈ ಮಾಗಡಿ ಗದಗ ಜಿಲ್ಲೆಯದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ತೇಲುತ್ತವೆ, ಮುಸ್ಸಂಜೆ, ನಸುಕಿನಲ್ಲಿ ಹೊಲಗಳಿಗೆ ಹಾರುತ್ತವೆ. ರೈತರು ಓಡಿಸುತ್ತಾರೆ, ಹೊಡೆಯುವುದಿಲ್ಲ.

ಹುಲಿ ಎಷ್ಟಿವೆ? ಲೆಕ್ಕ ಹಾಕುವುದು ಹೇಗೆ?

2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563. ಮಧ್ಯಪ್ರದೇಶ 785ರೊಂದಿಗೆ ಮೊದಲು, ನಾವು ಎರಡನೆಯವರು. 2014ರಲ್ಲಿ ನಮ್ಮ ಲೆಕ್ಕ 406 ಇತ್ತು, 2018ರಲ್ಲಿ 524. ಚಿರತೆ 1,879, ಆನೆ 2023ರ ಗಣತಿಯಲ್ಲಿ 6,395.

ಹಿಂದೆ ಹೆಜ್ಜೆ ಗುರುತನ್ನು ಗಾಜಿನ ಮೇಲೆ ಬರೆದುಕೊಳ್ಳುತ್ತಿದ್ದರು. ಒಂದೇ ಹುಲಿ ಒದ್ದೆ ಮಣ್ಣಲ್ಲಿ ಒಂದು, ಧೂಳಲ್ಲಿ ಇನ್ನೊಂದಾಗಿ ಎಣಿಕೆಗೆ ಸಿಗುತ್ತಿತ್ತು. ಈಗ ಕಾಡುಹಾದಿಯ ಎರಡೂ ಬದಿ ಮೊಣಕಾಲೆತ್ತರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನಂತೆ, ಒಂದರದು ಇನ್ನೊಂದಕ್ಕಿಲ್ಲ. ನಮ್ಮ ದೇಶದಲ್ಲಿ ಈ ವಿಧಾನಕ್ಕೆ ತಳಪಾಯ ಬಿದ್ದದ್ದು 1990ರ ದಶಕದಲ್ಲಿ, ನಾಗರಹೊಳೆಯಲ್ಲಿ ಹುಲಿತಜ್ಞ ಉಲ್ಲಾಸ ಕಾರಂತರು ಮಾಡಿದ ಕೆಲಸದಿಂದ.

ಹುಲಿ ಹೆಚ್ಚಿದರೆ ಎಲ್ಲ ಪ್ರಾಣಿಯೂ ಸುಖವಾಗಿವೆ ಎಂದರ್ಥವೇ ಎಂದು ಕೇಳುತ್ತಾರೆ. ಜಿಂಕೆ, ಕಾಟಿ (ಕಾಡುಕೋಣ), ಕೆನ್ನಾಯಿಗೆ (ಕಾಡುನಾಯಿ) ಹೌದು, ಅವೂ ಅದೇ ಕಾಡಿನವು. ಚಿಂಕಾರಕ್ಕೆ ಹುಲಿಯ ಗೊಡವೆಯೇ ಇಲ್ಲ. ಹುಲಿಯ ಹೆಸರಿನಲ್ಲಿ ಬರುವ ದುಡ್ಡು ಬಯಲಿನ ಧಾಮಗಳಿಗೆ ತಲುಪುವುದೂ ಇಲ್ಲ.

ಆನೆ ಬೆಳೆ ತಿಂದರೆ, ಚಿರತೆ ದನ ಹಿಡಿದರೆ ಪರಿಹಾರ ಪಡೆಯುವುದು ಹೇಗೆ?

ಮೊದಲ ಕೆಲಸ: ಏನನ್ನೂ ಕದಲಿಸಬೇಡಿ. ಸತ್ತ ದನವನ್ನು ಎಳೆದು ಹೂಳಬೇಡಿ, ತುಳಿದ ಜೋಳದ ದಂಟನ್ನು ಕೊಯ್ದು ಮೇವಿಗೆ ಹಾಕಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಇಲ್ಲವೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅವತ್ತೇ ತಿಳಿಸಿ. ಗಾರ್ಡ್ ಬಂದು ಮಹಜರು ಮಾಡುತ್ತಾರೆ; ದನವಾದರೆ ಪಶುವೈದ್ಯರ ಮರಣೋತ್ತರ ವರದಿ ಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲು ತಯಾರಿರಲಿ. ಅರ್ಜಿ ಇ-ಪರಿಹಾರ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಸಾಗುತ್ತದೆ. ಮೊತ್ತವನ್ನು ಸರ್ಕಾರಿ ಆದೇಶದಲ್ಲಿ ಆಗಾಗ ಪರಿಷ್ಕರಿಸುತ್ತಾರೆ, ಹಾಗಾಗಿ ಹಳೆಯ ಪತ್ರಿಕೆ ನೋಡಿ ಲೆಕ್ಕ ಹಾಕಬೇಡಿ.

ಫೋಟೋ ತೆಗೆಯುವಾಗ ಬರೀ ಮುರಿದ ಗಿಡ ತೆಗೆದರೆ ಸಾಲದು. ಒಮ್ಮೆ ನಮ್ಮ ಸಂಬಂಧಿಕರ ಬಾಳೆತೋಟದ ಅರ್ಜಿ 'ಜಾಗ ಗುರುತಾಗುತ್ತಿಲ್ಲ' ಎಂಬ ಷರಾ ಹೊತ್ತು ಮೂರು ತಿಂಗಳ ಮೇಲೆ ವಾಪಸು ಬಂತು. ಅಷ್ಟರಲ್ಲಿ ತೋಟ ಉತ್ತಾಗಿತ್ತು. ಆಗಿನಿಂದ ಎಲ್ಲರಿಗೂ ಹೇಳುತ್ತೇನೆ: ಪಂಪ್‌ಹೌಸೋ, ಬದುವಿನ ಬೇವಿನಮರವೋ ಕಾಣುವಂತೆ ಒಂದು, ಹೆಜ್ಜೆಯ ಪಕ್ಕ ನಿಮ್ಮ ಚಪ್ಪಲಿ ಇಟ್ಟು ಒಂದು ತೆಗೆಯಿರಿ. ಚಪ್ಪಲಿ ಇದ್ದರೆ ಅಳತೆ ತಿಳಿಯುತ್ತದೆ.

ಪರಿಹಾರ ತಡವಾದಾಗ ಸಿಟ್ಟು ಪ್ರಾಣಿಯ ಮೇಲೆ ತಿರುಗುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಹಸು ಕಳೆದುಕೊಂಡವನ ಮನೆಗೆ ಮರುದಿನವೇ ಯಾರಾದರೂ ಹೋಗಿ ಕೂತು ಮಾತಾಡುವುದು, ಹುಲಿ ಸಂರಕ್ಷಣೆಯ ಯಾವ ಪುಸ್ತಕದಲ್ಲಿಯೂ ಇಲ್ಲದ ಆದರೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಎಂದು ನನಗೆ ಅನಿಸುತ್ತದೆ.

ಚಿರತೆಯನ್ನು ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಹೆಚ್ಚಾಗಿ ಅನುಭವವಿಲ್ಲದ ಎಳೆಯದು. ಹಿಡಿದು ಬಿಟ್ಟದ್ದು ಗೊತ್ತಿಲ್ಲದ ನೆಲದಲ್ಲಿ ಕಂಗಾಲಾಗಿ ಊರಿಗೇ ಬೀಳುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಎರಡು ಸಾವಿರದ ಇಸವಿಯ ಆಚೀಚೆ ಹೀಗೆ ಹಿಡಿದು ಹಿಡಿದು ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತು. ಕಬ್ಬಿನ ಗದ್ದೆಯಲ್ಲೇ ಹುಟ್ಟಿದ ಚಿರತೆಗೆ ಕಬ್ಬಿನ ಗದ್ದೆಯೇ ತವರು. ರಾತ್ರಿ ಕುರಿ, ಕರುಗಳನ್ನು ಮೇಲ್ಛಾವಣಿ ಇರುವ ಗಟ್ಟಿ ಕೊಟ್ಟಿಗೆಯಲ್ಲಿ ಕೂಡಿ, ತಿಪ್ಪೆಯಲ್ಲಿ ನಾಯಿಗಳು ಸೇರದಂತೆ ನೋಡಿ. ಬೋನು ಕೊನೆಯ ಉಪಾಯ.

ಕಾಡಿನೊಳಗಿನ ಆದಿವಾಸಿ ಹಾಡಿಗಳನ್ನು ಎಬ್ಬಿಸಿದರೆ ಮಾತ್ರ ಪ್ರಾಣಿ ಉಳಿಯುತ್ತವೆಯೇ?

ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುವವರನ್ನು ನಂಬಬೇಡಿ.

ಭದ್ರಾದಲ್ಲಿ 2002ರ ಹೊತ್ತಿಗೆ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ನೀರಾವರಿ ಜಮೀನು, ಶಾಲೆ, ರಸ್ತೆ ಸಿಕ್ಕವು. ದೇಶದಲ್ಲಿ ಚೆನ್ನಾಗಿ ನಡೆದ ಪುನರ್ವಸತಿಗೆ ಅದನ್ನೇ ತೋರಿಸುತ್ತಾರೆ, ತಪ್ಪೂ ಅಲ್ಲ. ಅತ್ತ ನಾಗರಹೊಳೆಯಲ್ಲಿ 1970, 80ರ ದಶಕಗಳಲ್ಲಿ ಹೊರಬಿದ್ದ ಜೇನು ಕುರುಬರು, ಬೆಟ್ಟ ಕುರುಬರು, ಯರವರಲ್ಲಿ ಎಷ್ಟೋ ಜನ ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. 2025ರ ಮೇ ತಿಂಗಳಲ್ಲಿ ಕೆಲವು ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದ್ದು ಆ ಸಂಕಟದ ಮುಂದುವರಿಕೆ.

ಬಿಳಿಗಿರಿ ರಂಗನಬೆಟ್ಟದ ಸೋಲಿಗರ ದಾರಿ ಮೂರನೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕುಗಳು ದೊರೆತವು; ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ದೊರೆತದ್ದು ಅದೇ ಮೊದಲು. ಆ ಕಾಡಿನಲ್ಲಿ ಹುಲಿಯೂ ಇದೆ, ಸೋಲಿಗರೂ ಇದ್ದಾರೆ, ಅವರು ಹಂಚಿಕೊಳ್ಳುವ ಜೇನೂ ಇದೆ.

ಕಾಡಿಗೆ ಬೆಂಕಿ ಬಿದ್ದರೆ ಯಾವಾಗಲೂ ಕೆಟ್ಟದ್ದೇ?

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟ ಬೆಂಕಿ ಕೆಟ್ಟದ್ದೇ. ಎದೆಯೆತ್ತರ ಬೆಳೆದು ಒಣಗಿದ ಲಂಟಾನ ಪೊದೆಗೆ ಬಿದ್ದ ಬೆಂಕಿ ಮರದ ನೆತ್ತಿಗೇರುತ್ತದೆ, ಬೆಂಕಿ ತಡೆಯಲು ಸವರಿಟ್ಟ ಬೆಂಕಿರೇಖೆಯನ್ನೂ ಹಾರಿ ದಾಟುತ್ತದೆ.

ಸೋಲಿಗರು ಹೇಳುವ 'ತರಗು ಬೆಂಕಿ' ಬೇರೆ. ಬೇಸಿಗೆ ಬಲಿಯುವ ಮುಂಚೆ, ಉದುರಿದ ಎಲೆಯನ್ನಷ್ಟೇ ನೆಕ್ಕಿ ಆರಿಹೋಗುವ ಸಣ್ಣ ಬೆಂಕಿ. 1974ರಲ್ಲಿ ಬಿಳಿಗಿರಿ ರಂಗನಬೆಟ್ಟ ವನ್ಯಧಾಮವಾದ ಮೇಲೆ ಅದು ನಿಂತಿತು, ಲಂಟಾನ ಕಾಡೆಲ್ಲ ತುಂಬಿತು, ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹಬ್ಬಿತು ಎಂಬುದು ಅವರ ಮಾತು. ಸಂಶೋಧಕರೂ ಈಗ ಆ ಮಾತಿಗೆ ಕಿವಿಗೊಡುತ್ತಿದ್ದಾರೆ. ಹಾಗೆಂದು ನೀವು ಕಡ್ಡಿ ಗೀರಬೇಡಿ. ವನ್ಯಧಾಮದಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ, ಬೀಡಿ ತುಂಡು ಎಸೆದದ್ದಾದರೂ.

ಬಂಡೀಪುರದಲ್ಲಿ ರಾತ್ರಿ ವಾಹನ ಬಿಟ್ಟರೆ ಏನಾಗುತ್ತದೆ?

2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿನ ಹೆದ್ದಾರಿಗಳಲ್ಲಿ ಸಂಚಾರ ಬಂದ್. ಆಂಬುಲೆನ್ಸ್, ಕೆಲವೇ ಬಸ್ಸುಗಳಿಗೆ ವಿನಾಯಿತಿ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳು ರಸ್ತೆ ದಾಟುವುದೇ ರಾತ್ರಿ. ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಜಿಂಕೆ ನಿಂತಲ್ಲೇ ಕಲ್ಲಾಗುತ್ತದೆ. ಸುತ್ತು ದಾರಿಯಿಂದ ಒಂದಿಷ್ಟು ಡೀಸೆಲ್ ಹೆಚ್ಚು ಹೋಗುತ್ತದೆ, ನಿಜ. ಹೋಗಲಿ.

ನನ್ನ ಹೊಲ ವನ್ಯಧಾಮದ ಅಂಚಿನಲ್ಲಿದೆ. ಏನೇನು ನಿರ್ಬಂಧ?

ಉಳುಮೆ, ಬಿತ್ತನೆ, ಬೋರ್‌ವೆಲ್ ಮೋಟಾರು, ಮನೆ ದುರಸ್ತಿಗಳಿಗೆ ಹೆದರಬೇಕಿಲ್ಲ. ಧಾಮದ ಸುತ್ತಲಿನ ಪಟ್ಟಿಗೆ, ಅಂದರೆ ಪರಿಸರ ಸೂಕ್ಷ್ಮ ವಲಯಕ್ಕೆ ಹೊರಡಿಸುವ ಅಧಿಸೂಚನೆಗಳು ಮುಖ್ಯವಾಗಿ ಗಣಿ, ಕ್ರಷರ್, ಮಾಲಿನ್ಯದ ಕಾರ್ಖಾನೆಗಳ ಮೇಲೆ ಕಣ್ಣಿಟ್ಟವು. ನಿಮ್ಮ ಧಾಮದ ಅಧಿಸೂಚನೆಯನ್ನು ವಲಯ ಕಚೇರಿಯಲ್ಲಿ ಕೇಳಿ ಓದಿ.

ಹೆಚ್ಚಿನವರ ಗಮನಕ್ಕೆ ಬಾರದ ಎರಡು ನಿಯಮಗಳಿವೆ. ವನ್ಯಧಾಮದಿಂದ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ರೋಗನಿರೋಧಕ ಲಸಿಕೆ ಹಾಕಿಸುವ ವ್ಯವಸ್ಥೆ ಆಗಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಿಮ್ಮ ಊರಿಗೆ ಲಸಿಕೆಯವರು ಬಾರದಿದ್ದರೆ ಗಟ್ಟಿಯಾಗಿ ಕೇಳಬಹುದು. ಕಾಲುಬಾಯಿ ಜ್ವರ ಕಾಟಿಗೂ ತಗಲುತ್ತದೆ. ಇನ್ನೊಂದು, 10 ಕಿಲೋಮೀಟರ್ ಒಳಗೆ ಬಂದೂಕಿನ ಲೈಸೆನ್ಸ್ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು.

ಬೇಲಿಗೆ ನೇರ ಕರೆಂಟು ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಆನೆ ಸತ್ತರೆ ಜೈಲು. ಸಾಯುವುದು ಎಷ್ಟೋ ಸಲ ಪಕ್ಕದ ಹೊಲದ ಮನುಷ್ಯ. ಬ್ಯಾಟರಿಯ ಸೋಲಾರ್ ಬೇಲಿ ಹೊಡೆತ ಕೊಡುತ್ತದೆ, ಕೊಲ್ಲುವುದಿಲ್ಲ. ಬುಡದ ಹುಲ್ಲು ಸವರಿ ಇಡಬೇಕು. ತಂತಿಗೆ ಹುಲ್ಲು ತಾಗಿದರೆ ಶಕ್ತಿ ಸೋರಿಹೋಗುತ್ತದೆ, ಆನೆಗೆ ಅದು ನಮಗಿಂತ ಮೊದಲು ಗೊತ್ತಾಗುತ್ತದೆ.

ಸಫಾರಿಗೆ ಹೋದರೆ ಪ್ರಾಣಿಗಳಿಗೆ ತೊಂದರೆಯೇ?

ಜೀಪು ಒಂದರ ಹಿಂದೊಂದು ನಿಂತು ಹುಲಿಯ ದಾರಿ ಕಟ್ಟಿದರೆ ತೊಂದರೆಯೇ. 2025ರ ನವೆಂಬರಿನಲ್ಲಿ ಹುಲಿ ದಾಳಿಯಿಂದ ರೈತರು ಸತ್ತಾಗ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದರು. ಹೋಗಲೇಬೇಕೆಂದರೆ ಡ್ರೈವರ್‌ಗೆ 'ಹುಲಿ ತೋರಿಸಿ' ಎಂದು ದುಂಬಾಲು ಬೀಳಬೇಡಿ.

ಅದರ ಬದಲು ಒಂದು ಸಂಜೆ ದರೋಜಿಯ ವೀಕ್ಷಣಾ ಗೋಪುರ ಹತ್ತಿ. ಎದುರಿಗೆ ಕರಡಿಕಲ್ಲು ಗುಡ್ಡ. ನಾಲ್ಕು ಗಂಟೆಗೆ ಬಂಡೆಗಳ ಮೇಲೆ ಬರೀ ಬಿಸಿಲು, ಗೌಜಲಕ್ಕಿಗಳ ಸದ್ದು. ಐದರ ಹೊತ್ತಿಗೆ ಎರಡು ಬಂಡೆಗಳ ನಡುವಿನ ನೆರಳು ಅಲುಗಾಡುತ್ತದೆ. ಆ ನೆರಳಿಗೆ ಬಿಳಿಯ ಮೂತಿಯಿದೆ. ಬೆನ್ನ ಮೇಲೆ ಎರಡು ಮರಿಗಳು ತಾಯಿಯ ಕೂದಲು ಹಿಡಿದು ಕೂತಿರುತ್ತವೆ. ಇಳಿಜಾರಿನಲ್ಲಿ ಒಂದು ಜಾರಿ, ಓಡಿ ಬಂದು ಮತ್ತೆ ಹತ್ತುತ್ತದೆ. ಇದಕ್ಕೆ ಜೀಪು ಬೇಕಿಲ್ಲ, ಬಾಯಿ ಮುಚ್ಚಿಕೊಂಡು ಕೂರಬೇಕಷ್ಟೆ.

ಮನೆಯಲ್ಲಿ ಗಿಳಿ, ನಕ್ಷತ್ರ ಆಮೆ ಸಾಕಬಹುದೇ? ಅಜ್ಜನ ಕಾಲದ ಹುಲಿ ಉಗುರು ಇದ್ದರೆ?

ನಮ್ಮ ಕಾಡಿನ ಯಾವ ಗಿಳಿಯನ್ನೂ ಸಾಕುವಂತಿಲ್ಲ. ನಕ್ಷತ್ರ ಆಮೆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ, ಆನೆಗಳ ಸಾಲಿನಲ್ಲಿ. ಈ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. 'ಮನೆಗೆ ಅದೃಷ್ಟ' ಎಂದು ಆಮೆ ಮಾರುವವರು ಈ ಮಾತು ಹೇಳುವುದಿಲ್ಲ.

ಹುಲಿ ಉಗುರಿಗೆ 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ಸರಕ್ಕೆ ಕಟ್ಟಿಸಿಕೊಂಡಿದ್ದವರೆಲ್ಲ ರಾತ್ರೋರಾತ್ರಿ 'ನಮ್ಮದು ಪ್ಲಾಸ್ಟಿಕ್' ಎನ್ನತೊಡಗಿದರು. ಎಷ್ಟೋ ಸಲ ಅದು ನಿಜವೂ ಹೌದು, ದನದ ಕೊಂಬನ್ನು ಕೆತ್ತಿ ಹುಲಿ ಉಗುರೆಂದು ಮಾರಿರುತ್ತಾರೆ. ಅಸಲಿ ಇದ್ದು, ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ಇಲಾಖೆಗೆ ಒಪ್ಪಿಸುವುದೇ ದಾರಿ. ಮಾರುವುದು, ಉಡುಗೊರೆ ಕೊಡುವುದು ಎರಡೂ ಅಪರಾಧ.

ಹೊಲದಲ್ಲಿ ಬಿದ್ದ ನವಿಲುಗರಿ ಮಗಳು ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ. ಅದೂ ಕೇಸೇ?

ಅಲ್ಲ. ತಾನಾಗಿ ಉದುರಿದ ನವಿಲುಗರಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಬುಡದಲ್ಲಿ ರಕ್ತದ ಗುರುತಿದ್ದರೆ ಅದು ಕಿತ್ತದ್ದು, ಆಗ ಕೇಸು. ಮರಿ ಹಾಕುತ್ತದೆಯೇ ಎಂದು ಮಗಳು ದಿನಾ ಪುಸ್ತಕ ತೆರೆದು ನೋಡುತ್ತಿದ್ದರೆ ನೋಡಲಿ ಬಿಡಿ.